ಹಂದಿಗೂಡು

ಅಪ್ಪ ಹಂದಿ ಸಾಕುತ್ತಿದ್ದ ಗೂಡು.
ಎಂಟಡಿಗೆ ಹತ್ತಡಿ, ಮುರಕಲ್ಲಿನ ಗೋಡೆ.
ಕಡೆಯ ಹಂದಿ ನನ್ನ ಮದುವೆಯ ಊಟಕ್ಕೆ ಹೋಯಿತು.
ಆಮೇಲೆ ಅಲ್ಲಿ ತೆಂಗಿನ ಗರಿ, ಮುರಿದ ಸೈಕಲ್,
ಸೆವ್ರಿನ್ ಎಸೆಯಲು ಬಿಡದ ಮೂರು ಮಿಕ್ಸಿ.

ಸ್ಟುಡಿಯೋ ಮಾಡುತ್ತೇನೆ ಎಂದೆ.
ಮೀನು ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ.
"ಎಷ್ಟಾಗ್ತದೆ?"
ಚಿಟ್‌ಫಂಡಿನಲ್ಲಿದ್ದದ್ದು ನಲವತ್ತೆರಡು ಸಾವಿರ.
"ನಲವತ್ತು" ಎಂದೆ.
ಬಂಗುಡೆಯ ತಲೆ ಬೋಗುಣಿಗೆ ಬಿತ್ತು.

ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು ನಾನು.
ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ
ಆಚೆಮನೆಯ ಉಮಾನಾಥ ಕಿಟಕಿ ಹಾಕಿಕೊಳ್ಳುವ ಶಬ್ದ
ಒಂದು ದಿನವೂ ನನ್ನ ತಾಳಕ್ಕೆ ಕೂಡಿಬರಲಿಲ್ಲ.

ಮೊದಲು ಮೊಟ್ಟೆ ಟ್ರೇ. ಎಲ್ಲರೂ ಹೇಳುವುದು ಅದನ್ನೇ.
ಕಂಕನಾಡಿ ಮಾರ್ಕೆಟಿನಿಂದ ಇನ್ನೂರು ತಂದು ಅಂಟಿಸಿ
ಒಳಗೆ ರೇಡಿಯೋ ಹಚ್ಚಿಟ್ಟು, ಬಾಗಿಲು ಹಾಕಿ,
ಬಾವಿಕಟ್ಟೆಯ ಹತ್ತಿರ ನಿಂತರೆ
ಪೇಟೆ ಧಾರಣೆ ಪೂರ್ತಿ ಕೇಳಿತು,
ಕೊಬ್ಬರಿ ಕ್ವಿಂಟಾಲಿಗೆ ಎಷ್ಟು ಎಂಬಲ್ಲಿವರೆಗೆ.

ವಾಮನ ಆಚಾರಿ ನಕ್ಕ:
"ಮೊಟ್ಟೆ ಟ್ರೇಗೆ ಭಾರ ಎಂತ ಉಂಟು ಮಾರಾಯ್ರೆ?
ಶಬ್ದ ಹೆದರುವುದು ಭಾರಕ್ಕೆ.
ನನ್ನ ಅತ್ತೆ ಕೂತ ಕೋಣೆಯಲ್ಲಿ
ಯಾರಾದರೂ ಮಾತಾಡ್ತಾರಾ ನೋಡಿ."

ಹಾಗೆ, ಗೋಡೆಯೊಳಗೆ ಇನ್ನೊಂದು ಗೋಡೆ,
ನಡುವೆ ನಾಲ್ಕು ಬೆರಳು ಗಾಳಿ.
ಒಂದನ್ನೊಂದು ಮುಟ್ಟಬಾರದು,
ಪಾಲಾದ ಅಣ್ಣತಮ್ಮಂದಿರ ಹಾಗೆ.
ಬಂದರಿನ ಗುಜರಿಯಿಂದ ಲಾರಿ ಟ್ಯೂಬು,
ಕೊಯ್ದು ನೆಲದ ಹಲಗೆಯಡಿಗೆ.
ಬಾಗಿಲೆಂದರೆ ಎರಡು ಪ್ಲೈವುಡ್, ನಡುವೆ ಮರಳು.
ಪಸೆ ಇರಬಾರದೆಂದು ಆ ಮರಳನ್ನು
ಸೆವ್ರಿನ್ ಬಾಣಲೆಯಲ್ಲಿ ಹುರಿದಳು, ಮೂರು ಸಂಜೆ,
ನನ್ನೊಡನೆ ಮಾತಿಲ್ಲದೆ.

ಲಾಡ್ಜೊಂದು ಬಿಸಾಡಿದ ಹಾಸಿಗೆ, ಹನ್ನೊಂದು.
ಒಂದರ ಹೊಲಿಗೆ ಬಿಚ್ಚಿದಾಗ
ಯಾರದೋ ಒಂಟಿ ಕಿವಿಯೋಲೆ.
ಆಚಾರಿ ಬೆಳಕಿಗೆ ಹಿಡಿದು ನೋಡಿದ,
ಮತ್ತೆ ಹತ್ತಿಯೊಳಗೇ ಇಟ್ಟು
ಮೇಲೆ ಹಲಗೆ ಬಡಿದ.

ಗಾಳಿಗೆ ದಾರಿ ಬಿಟ್ಟರೆ ಶಬ್ದಕ್ಕೂ ದಾರಿ.
ಬಿಡದಿದ್ದರೆ ಮೇ ತಿಂಗಳು.
ಹತ್ತು ನಿಮಿಷ ಒಳಗೆ ಊದುವುದು,
ಐದು ನಿಮಿಷ ಹೊರಗೆ ಬಂದು ಬದುಕುವುದು.
ಬಿಸಿಯೇರಿದರೆ ಈಗಲೂ
ಮೂಲೆಯಿಂದ ಒಂದಿಷ್ಟು ಹಂದಿಯ ನೆನಪು ಬರುತ್ತದೆ.

ಒಟ್ಟು ಐವತ್ತೊಂದು ಸಾವಿರದ ಮುನ್ನೂರು.
ಮೇಲಿನ ಒಂಬತ್ತರ ವಿಷಯ ಅವಳಿಗೆ ಹೇಳಬೇಕು.

ಮೊದಲ ರಾತ್ರಿ. ಯಾರೋ ಬಾಗಿಲು ಬಡಿದರಂತೆ,
ನನಗೆ ಕೇಳಲಿಲ್ಲ.
ಬೆವರೊರೆಸಲು ಹೊರಬಂದರೆ ಉಮಾನಾಥ,
ಖಾಕಿಯಲ್ಲೇ, ಸಿಳ್ಳೆ ಕೊರಳಲ್ಲೇ.
ಸ್ಟೇಟ್‌ಬ್ಯಾಂಕಿನಿಂದ ಮೂಡುಶೆಡ್ಡೆ, ಮೂಡುಶೆಡ್ಡೆಯಿಂದ ಸ್ಟೇಟ್‌ಬ್ಯಾಂಕು,
ಇಪ್ಪತ್ತೆರಡು ವರ್ಷ.
ಬೈಯಲು ಬಂದ ಎಂದುಕೊಂಡೆ.

"ಇವತ್ತು ನೀವು ಕೇಳಲೇ ಇಲ್ಲ" ಎಂದ.
ಚಪ್ಪಲಿಯಲ್ಲಿ ಒಂದು ಕಲ್ಲನ್ನು ಹೊರಳಿಸಿದ.
"ಒಂದು ಹತ್ತು ನಿಮಿಷ ನಾನು ಒಳಗೆ ಕೂರಲಾ?
ಸುಮ್ಮನೆ.
ನೀವು ಊದಬೇಡಿ."

ಬಾಗಿಲೆಳೆದುಕೊಂಡೆ. ಬಾವಿಕಟ್ಟೆಯಲ್ಲಿ ಕೂತೆ.
ಬಜ್ಪೆಗೆ ವಿಮಾನವೊಂದು ತಗ್ಗಿ ಹೋಯಿತು.
ಯಾರದೋ ಮನೆಯಲ್ಲಿ ಕುಕ್ಕರು, ನಾಯಿ, ಧಾರಾವಾಹಿ.
ಹೊರಗೆ ಇಷ್ಟೊಂದು ಇದೆಯೆಂದು
ಅಲ್ಲಿವರೆಗೆ ನಾನು ಎಣಿಸಿಯೇ ಇರಲಿಲ್ಲ.

ಕಣ್ಣುಜ್ಜುತ್ತ ಬಂದ. ಥ್ಯಾಂಕ್ಸ್ ಅನ್ನಲಿಲ್ಲ.
ಐವತ್ತರ ನೋಟಿಗೆ ಚಿಲ್ಲರೆ ಇಲ್ಲದಾಗ ನೋಡುವಂತೆ
ನನ್ನನ್ನೊಮ್ಮೆ ನೋಡಿ, ಬೇಲಿ ದಾಟಿದ.

ರೆಕಾರ್ಡರ್ ಆರಿಸಲು ಮರೆತಿದ್ದೆ.

ಹೆಡ್‌ಫೋನ್ ಹಾಕಿ ಕೇಳಿದೆ:
ಚೀಲದಲ್ಲಿ ನಾಣ್ಯ ಒಮ್ಮೆ ಕದಲಿತು.
ಉಸಿರು. ಹೊಟ್ಟೆ ಗುಡುಗಿದ್ದು. ಉಸಿರು.
ಉದ್ದಕ್ಕೆ ಏನೂ ಇಲ್ಲ.
ಏಳನೇ ನಿಮಿಷಕ್ಕೆ, ನಿದ್ದೆಯ ಒಳಗಿನಿಂದ,
ಬಹಳ ಮೆಲ್ಲಗೆ,
"ರೈಟ್... ಪೋಯಿ."

ಕಾರ್ಡಿನಲ್ಲಿ ಜಾಗ ಇರಲಿಲ್ಲ.
ನನ್ನವೇ ಎರಡು ಟೇಕ್ ಅಳಿಸಿದೆ.